ಸಾಕ್ಷಿ ಮೊಳೆ

ನಮ್ಮ ಭಾವನವರಿಗೆ ಜನರ ಬಾಯಿಯ ಮೇಲೆ ನಂಬಿಕೆ ಕಡಿಮೆ, ಅಟ್ಟೆಯ ಮೇಲೆ ಜಾಸ್ತಿ. ಅಟ್ಟೆಯೆಂದರೆ ಶೂವಿನ ತಳ. ಅಂಗಡಿಗೆ ಬಂದವರು ಶೂ ಬಿಚ್ಚಿ ಕೊಟ್ಟರೆ ಮೊದಲು ಅದನ್ನು ಮಗುಚಿ ನೋಡುತ್ತಾರೆ, ಬಂದವರ ಮುಖ ನೋಡುವುದು ಆಮೇಲೆ. "ಟಪಾಲಿನವನು ಮೇಲಿನ ಬೀದಿ ಹತ್ತೋದು ಬಿಟ್ಟಿದಾನೆ" ಎಂದು ಒಮ್ಮೆ ಊಟಕ್ಕೆ ಕೂತಾಗ ಹೇಳಿದರು. ವಿಚಾರಿಸಿದರೆ ಹೌದು, ಮೇಲಿನ ಬೀದಿಯ ಕಾಗದಗಳನ್ನೆಲ್ಲ ಅವನು ಮೂಲೆಮನೆಯ ಅಜ್ಜಿಯ ಕೈಗೆ ಹಾಕಿ ಇಳಿದುಬಿಡುತ್ತಿದ್ದ. ಬ್ಯಾಂಕಿನ ಕಾವಲುಗಾರನ ಶೂ ಹಿಮ್ಮಡಿಯ ತುದಿಯಲ್ಲಿ ಮಾತ್ರ ಸವೆದದ್ದು ನೋಡಿ, ಇವನು ನಿಲ್ಲುವುದಿಲ್ಲ, ಕಾಲು ಚಾಚಿ ಕೂರುತ್ತಾನೆ ಎಂದರು. ಅದೂ ನಿಜವೇ. ಊರಿನವರು ಅವರನ್ನು ಅಟ್ಟೆ ಮೇಷ್ಟ್ರು ಎಂದು ಕರೆಯುವುದು ಅರ್ಧ ಮರ್ಯಾದೆಗೆ, ಅರ್ಧ ಹೆದರಿಕೆಗೆ.

ನಾನು ಅವರ ಹೆಂಡತಿಯ ತಂಗಿ. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಕೆಳಗೆ ಅಂಗಡಿ, ಅದರ ಮೇಲೆ ಅಕ್ಕ ಭಾವನ ಮನೆ, ಅದರ ಮೇಲೆ ನನ್ನದೊಂದು ಕೋಣೆ. ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆಯುವವಳಾದ್ದರಿಂದ ನನಗೂ ಭಾವನಿಗೂ ಚೆನ್ನಾಗಿ ಹೊಂದುತ್ತದೆ. ನಮ್ಮಿಬ್ಬರನ್ನೂ ಸಹಿಸಿಕೊಂಡು ನಗುತ್ತಾ ಬಂದವಳು ಅಕ್ಕ.

ಅಂಗಡಿ ಎಂದರೆ ಎಂಟು ಹೆಜ್ಜೆ ಉದ್ದ, ಮೂರು ಹೆಜ್ಜೆ ಅಗಲ. ಬಾಗಿಲು ತೆರೆದರೆ ಮೊದಲು ಅಂಟಿನ ವಾಸನೆ, ಆಮೇಲೆ ಚರ್ಮದ್ದು. ಎರಡೂ ಗೋಡೆಗಳ ಮೇಲೆ ಮರದ ಅಚ್ಚುಗಳು ಜೋಡಿ ಜೋಡಿಯಾಗಿ ತೂಗುತ್ತಿರುತ್ತವೆ. ಅಚ್ಚು ಎಂದರೆ ಗಿರಾಕಿಯ ಪಾದದ ಮರದ ನಕಲು. ಅದರ ಮೇಲೆ ಚರ್ಮ ಎಳೆದು ಶೂ ಹೊಲಿಯುತ್ತಾರೆ. ಒಂದೊಂದರ ಮೇಲೂ ಅಳತೆ ತೆಗೆದ ವರ್ಷ ಬರೆದಿರುತ್ತದೆ. ಚಳಿಗಾಲ ಮುಗಿದೊಡನೆ ಹಳೆಯ ಗಿರಾಕಿಯಾದರೂ ಸರಿ, ಇನ್ನೊಮ್ಮೆ ಅಳೆಸಿಕೊಳ್ಳದೆ ಶೂ ಕೊಡುವುದಿಲ್ಲ. "ಹೋದ ವರ್ಷ ಅಳೆದಿದ್ರಲ್ಲ" ಎಂದು ಯಾರಾದರೂ ಗೊಣಗಿದರೆ, "ಅದು ಹೋದ ವರ್ಷದ ಕಾಲು" ಎನ್ನುತ್ತಾರೆ. ನೆಲದ ಮೇಲೆ ಕಾಗದ ಹಾಸಿ, ನಿಲ್ಲಿಸಿ, ಪೆನ್ಸಿಲ್ ಹಿಡಿದು ಮಂಡಿಯೂರುತ್ತಾರೆ. "ಭಾರ ಹಾಕಿ. ಪೂರ್ತಿ ಭಾರ. ಅರ್ಧ ಭಾರ ಹಾಕಿದ್ರೆ ಕಾಲು ಸುಳ್ಳು ಹೇಳುತ್ತೆ." ಊರಿನ ದೊಡ್ಡ ದೊಡ್ಡವರೆಲ್ಲ ಅವರ ಮುಂದೆ ಹಾಗೆ ಕೈಕಟ್ಟಿ ನಿಂತದ್ದನ್ನು ನಾನು ಕಂಡಿದ್ದೇನೆ.

ಕಿಟಕಿಯ ಪಕ್ಕದ ಗಾಜಿನ ಕಪಾಟಿನಲ್ಲಿ ಒಂದೇ ಒಂದು ಜೋಡಿ ಅಚ್ಚು. ಅದು ಅಕ್ಕನದು. ಮದುವೆಯಾದ ಹೊಸತರಲ್ಲಿ ಭಾವ ಮೂರು ವಾರ ಕೂತು ಕೆತ್ತಿದ್ದು, ಕಾದ ಕಬ್ಬಿಣದಿಂದ ಮದುವೆಯ ವರ್ಷ ಸುಟ್ಟು ಬರೆದದ್ದು. ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಾರೆ. "ಮೂವತ್ತೊಂದು ವರ್ಷದಿಂದ ನಮ್ಮನೆಯವಳ ಶೂ ಇದರ ಮೇಲೇ."

ಇನ್ನೊಂದು ಅವರದೇ ಪದ್ಧತಿಯಿದೆ. ಹೊಸ ಅಟ್ಟೆ ಹಾಕಿದಾಗ ಮುಂಗಾಲು ಊರುವ ಜಾಗದಲ್ಲಿ ಒಂದು ಪುಟ್ಟ ಹಿತ್ತಾಳೆ ಮೊಳೆ ಹೊಡೆದು, ಅದರ ಮೇಲೆ ಕಪ್ಪು ಮೇಣ ಮೆತ್ತುತ್ತಾರೆ. ನಡೆದ ಹಾಗೆಲ್ಲ ಮೇಣ ಹೋಗಿ ಮೊಳೆ ಹೊಳೆಯತೊಡಗುತ್ತದೆ. ಅದಕ್ಕೆ ಸಾಕ್ಷಿ ಮೊಳೆ ಎಂದು ಹೆಸರಿಟ್ಟಿದ್ದಾರೆ. ಈ ಸಲ ಚಳಿಗಾಲದಲ್ಲಿ ಯಾವುದೋ ಹೊಸ ಬಗೆಯ ರಬ್ಬರ್ ಹಾಳೆ ತರಿಸಿ ಅರ್ಧ ಊರಿನ ಶೂಗಳಿಗೆ ಹಾಕಿದರು. ಅಕ್ಕನ ಶೂಗೂ ಹಾಕಿದರು. ರಬ್ಬರ್ ಬಲು ಮೆದು. ತಿಂಗಳು ತುಂಬುವುದರೊಳಗೆ ಎಲ್ಲರೂ ವಾಪಸ್ಸು ಬಂದರು, ಎಲ್ಲರ ಮೊಳೆಯೂ ಕನ್ನಡಿಯ ಹಾಗೆ ಫಳಫಳ. ಭಾವ ನಾಚಿಕೆಯಿಂದ ತಲೆ ತಗ್ಗಿಸಿ ಒಬ್ಬೊಬ್ಬರಿಗೂ ಬೇರೆ ಅಟ್ಟೆ ಹಾಕಿಕೊಟ್ಟರು.

ಅಕ್ಕನ ಮೊಳೆ ಮಾತ್ರ ಕಪ್ಪಗೇ ಇತ್ತು.

ಇಲ್ಲಿ ಅಕ್ಕನ ಭಾನುವಾರಗಳ ವಿಷಯ ಹೇಳಬೇಕು. ನಮ್ಮೂರಿನಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋದರೆ ಗುಡ್ಡ, ಗುಡ್ಡದೊಳಗೆ ಎರಡು ಗಂಟೆ ನಡೆದರೆ ಜಲಪಾತ. ಚಳಿ ಬಿಟ್ಟು ಬಿಸಿಲು ಬಲಿಯುವ ಮುನ್ನ ಆರೇಳು ವಾರ ಅಲ್ಲಿ ದಾರಿಯುದ್ದಕ್ಕೂ ಕಾಡುಹೂ. ಅದನ್ನು ನೋಡಲು ಒಂದು ತಂಡ ಪ್ರತಿ ಭಾನುವಾರ ಹೋಗುತ್ತದೆ; ಕರೆದೊಯ್ಯುವವರು ಕನ್ನಡಕದ ಅಂಗಡಿಯವರು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತು, ಆದರೆ ಅಂಗಿಯ ಇಸ್ತ್ರಿ ಒಂದು ದಿನವೂ ಮುರಿದಿಲ್ಲ. ಅಕ್ಕ ಹತ್ತು ವರ್ಷದಿಂದ ತಪ್ಪದೆ ಹೋಗುತ್ತಾಳೆ. ಒಂದು ನೋಟುಪುಸ್ತಕದಲ್ಲಿ ಹೂ ಒತ್ತಿಟ್ಟು, ಪಕ್ಕದಲ್ಲಿ ತಾನೇ ಇಟ್ಟ ಹೆಸರು ಬರೆಯುತ್ತಾಳೆ: ಹಳದಿ ಗುಂಡಿ, ನೀಲಿ ಸೊಳ್ಳೆ, ಮುನಿದ ಅತ್ತೆ. ತುಂತುರು ಹೂ ಎಂಬ ಬಿಳಿಯದೊಂದು ಜಲಪಾತದ ಸಿಂಚನ ಬೀಳುವ ಬಂಡೆಯ ಮೇಲಲ್ಲದೆ ಬೇರೆಲ್ಲೂ ಬೆಳೆಯುವುದಿಲ್ಲವಂತೆ. ಭಾವ ಮಾತ್ರ ಒಮ್ಮೆಯೂ ಹೋದವರಲ್ಲ. ಭಾನುವಾರ ಅಂಗಡಿಗೆ ಗಿರಾಕಿಗಳ ಕಾಟವಿಲ್ಲ, ಕೂತು ಹೊಲಿಯಲು ಅದೇ ಒಳ್ಳೆಯ ದಿನ ಎನ್ನುತ್ತಿದ್ದರು.

ನಾಲ್ಕನೆಯ ಭಾನುವಾರ ಸಂಜೆ ಅಕ್ಕ ಮೇಲೆ ಸ್ನಾನಕ್ಕೆ ಹೋದಾಗ ಭಾವ ನನ್ನನ್ನು ಅಂಗಡಿಗೆ ಕರೆದರು. ಮೇಜಿನ ಮೇಲೆ ಅಕ್ಕನ ಕಂದು ಶೂ ಮಗುಚಿ ಬಿದ್ದಿತ್ತು.

"ಇದು ನಾಲ್ಕು ಸಲ ಗುಡ್ಡ ಹತ್ತಿ ಇಳಿದ ಅಟ್ಟೆನಾ? ನೀನೇ ಹೇಳು."

"ಅವಳು ಮೆಲ್ಲಗೆ ನಡೀತಾಳೆ ಭಾವ."

"ಮೆಲ್ಲಗೆ ನಡೆದ್ರೂ ಕಾಲು ನೆಲಕ್ಕೆ ತಾಗಬೇಕಲ್ಲ! ಇದು ಮನೆಯಿಂದ ಬಸ್‌ಸ್ಟ್ಯಾಂಡಿಗೆ ಹೋಗಿ ಬಂದ ಅಟ್ಟೆ, ಅಷ್ಟೇ." ಚಿಮಟಿಗೆಯಿಂದ ಹೊಲಿಗೆಯ ಸಂದು ಕೆದಕಿ ತೋರಿಸಿದರು. "ಬೀದಿ ಧೂಳು. ಗುಡ್ಡದ ಮಣ್ಣು ಕೆಂಪು. ಒಂದು ಕಣ ಇದೆಯಾ ನೋಡು."

ಇರಲಿಲ್ಲ. ಅಕ್ಕನ ಹಳೆಯ ಅಟ್ಟೆಗಳು ವರ್ಷಗಟ್ಟಲೆ ಬಾಳಿದ್ದನ್ನು ಭಾವ ಇಷ್ಟು ದಿನ ತಮ್ಮ ಕೈಗುಣವೆಂದುಕೊಂಡು ಗಿರಾಕಿಗಳ ಮುಂದೆ ಹೇಳಿಕೊಂಡು ಬೀಗಿದ್ದರು. ಈಗ ಆ ಹೆಮ್ಮೆಯೆಲ್ಲ ತಿರುಗಿ ಅನುಮಾನವಾಗಿ ಬಂದು ಕೂತಿತು. ಎಷ್ಟು ವರ್ಷದಿಂದ ಇದು ನಡೆದಿದೆ ಎಂದು ಅವರು ಬೆರಳು ಮಡಿಸುತ್ತಿದ್ದರು.

ಅಂದಿನಿಂದ ಮನೆಯಲ್ಲಿ ಮಾತೆಲ್ಲ ವಿಚಾರಣೆಯಾಯಿತು. "ಇವತ್ತು ದಾರಿ ಹೇಗಿತ್ತು?" ಎಂದು ಐದನೆಯ ಭಾನುವಾರ ಭಾವ ತಟ್ಟೆಯಿಂದ ತಲೆಯೆತ್ತದೆ ಕೇಳಿದರು.

"ಅಯ್ಯೋ, ಕೆಸರು! ಮರದ ಸೇತುವೆ ದಾಟಿದ್ಮೇಲಂತೂ ಕಾಲಿಡೋಕಾಗಲ್ಲ."

"ಕೆಸರಾ?"

"ಹೂಂ. ಯಾಕೆ?"

"ಏನಿಲ್ಲ. ಶೂ ಒರೆಸ್ಕೊಂಡು ಬಂದೆಯೇನೋ ಅಂತ."

ಅಕ್ಕ ನೀರಿನ ಲೋಟ ಎತ್ತಿಕೊಂಡಳು. ಉತ್ತರಿಸುವ ಮುನ್ನ ಒಂದು ಗುಟುಕು ಕುಡಿದಳು. "ಹೌದು, ಒರೆಸ್ದೆ" ಎಂದಳು. ಸುಳ್ಳು. ಆ ಒಂದು ಗುಟುಕಿನಲ್ಲೇ ನನಗೂ ಗೊತ್ತಾಗಿ ಹೋಯಿತು. ಮೂವತ್ತು ವರ್ಷ ಕರಡು ತಿದ್ದಿದವಳಿಗೆ ತಪ್ಪು ಎಲ್ಲಿದೆಯೆಂದು ಕಾಣುವ ಮುನ್ನವೇ ಕಣ್ಣಿಗೆ ಏನೋ ಚುಚ್ಚುತ್ತದೆ. ಆದರೆ ಅವಳ ನೋಟುಪುಸ್ತಕದಲ್ಲಿ ಅಂದಿನ ತುಂತುರು ಹೂ ಇನ್ನೂ ಹಸಿಯಾಗಿತ್ತು. ಹೋಗದಿದ್ದರೆ ಅದನ್ನು ತಂದುಕೊಟ್ಟವರು ಯಾರು?

ನಾನು ಸೀದಾ ಕನ್ನಡಕದವರ ಮೇಲೆ ಸಂಶಯಪಟ್ಟೆ. ಅಷ್ಟು ಇಸ್ತ್ರಿ ಯಾರಿಗಾಗಿ? ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಭಾವ ರಿಪೇರಿಗೆ ಬಂದಿದ್ದ ಅವರ ಶೂ ತೆಗೆದು ನನ್ನ ಮುಂದಿಟ್ಟರು. ಹಿಮ್ಮಡಿ ಸವೆದು ವಾರೆಯಾಗಿತ್ತು, ಸಂದುಗಳಲ್ಲಿ ಕೆಂಪು ಮಣ್ಣು ಗಟ್ಟಿಯಾಗಿತ್ತು, ಲೇಸಿನ ತೂತುಗಳಲ್ಲಿ ಹೂವಿನ ಹಳದಿ ಪುಡಿ ಕೂಡ ಇತ್ತು. "ಇವನು ಪ್ರತಿ ವಾರ ಜಲಪಾತ ಮುಟ್ಟಿ ಬಂದಿದಾನೆ. ಪ್ರಾಮಾಣಿಕ ಶೂ. ಇವನಲ್ಲ."

"ಸದ್ಯ" ಎಂದೆ.

"ಸದ್ಯ ಏನು ಬಂತು? ಇವನಲ್ಲ ಅಂದ್ರೆ ಗುಡ್ಡ ಹತ್ತದೇ ಇರೋ ಇನ್ಯಾರೋ ಇದಾನೆ ಅಂತಾಯ್ತು."

ಆ ವಾರ ಅವರು ಸರಿಯಾಗಿ ಊಟ ಮಾಡಲಿಲ್ಲ. ಒಬ್ಬ ಗಿರಾಕಿಗೆ ಎಡಗಾಲಿಗೆ ಬಲಗಾಲಿನ ಅಟ್ಟೆ ಕತ್ತರಿಸಿದರು. ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ ನನಗೆ ಹೇಳಿದರು: "ನೋಡು, ಜಗಳ, ಕೋಪ, ಏನಿದ್ರೂ ತಡ್ಕೋತೀನಿ. ಸುಳ್ಳಿನ ಜೊತೆ ಒಂದೇ ಸೂರಿನ ಕೆಳಗೆ ಇರೋಕೆ ನನ್ನಿಂದಾಗಲ್ಲ. ಈ ಭಾನುವಾರ ನಾನೇ ಹೋಗಿ ನೋಡ್ತೀನಿ. ಅವಳು ಅಲ್ಲಿ ಇಲ್ದಿದ್ರೆ ಅಂಗಡಿ ಮುಚ್ಚಿ ಅಣ್ಣನ ಊರಿಗೆ ಹೋಗಿಬಿಡ್ತೀನಿ. ನೀನೂ ಬಾ. ಒಬ್ಬನೇ ನೋಡೋಕೆ ಧೈರ್ಯ ಇಲ್ಲ."

ನನಗೆ ಅವರ ಮೇಲೆ ಕನಿಕರ ಬಂತು, ಅಕ್ಕನ ಮೇಲೆ ಸಿಟ್ಟು. ಇಷ್ಟು ಒಳ್ಳೆಯವರನ್ನು ಇಟ್ಟುಕೊಂಡು ಇವಳಿಗೇನು ಬಂದಿತ್ತು ಎನಿಸಿತು.

ಭಾನುವಾರ ಬೆಳಿಗ್ಗೆ ಅಕ್ಕ ಕಂದು ಶೂ ಹಾಕಿಕೊಂಡೇ ಹೊರಟಳು; ನಾನು ಮೇಲಿನ ಕಿಟಕಿಯಿಂದ ಕಣ್ಣಾರೆ ನೋಡಿದೆ. ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿಯವಳು ಅವಳ ಜೊತೆಯಾದಳು. ಒಂದು ಗಂಟೆ ಬಿಟ್ಟು ಮುಂದಿನ ಬಸ್ಸಿಗೆ ನಾವು ಹೊರಟೆವು. ಬಸ್ಸಿನಲ್ಲಿ ಭಾವ ಎಲ್ಲರ ಕಾಲನ್ನೂ ನೋಡುತ್ತಾ ಕೂತಿದ್ದರು, ಯಾರ ಮುಖವನ್ನೂ ನೋಡಲಿಲ್ಲ.

ನಡಿಗೆಯೆಂದರೆ ನನಗೆ ಆಗದು. ಬೇಲಿಗಳ ನಡುವಿನ ಸಮತಟ್ಟು ದಾರಿಯಲ್ಲೇ ಏದುಸಿರು ಬಂತು. ಹೂಗಳೇನೋ ಇದ್ದವು, ಎರಡೂ ಕಡೆ, ಹಳದಿ, ನೀಲಿ, ನೇರಳೆ. ಆದರೆ ಕದ್ದು ನೋಡಲು ಹೊರಟವರಿಗೆ ಹೂವೂ ಪೊಲೀಸರ ಹಾಗೆಯೇ ಕಾಣುತ್ತದೆ. ಮರದ ಸೇತುವೆ ದಾಟಿದ ಮೇಲೆ ಕೆಂಪು ಜೇಡಿ ಶುರುವಾಯಿತು. ಹಿಂದಿನ ದಿನ ಮಳೆ ಬಿದ್ದು ನೆಲ ಮೆತ್ತಗಾಗಿತ್ತು. ಮುಂದೆ ಹೋದ ತಂಡದ ಹೆಜ್ಜೆಗಳು ಅಚ್ಚು ಹೊಡೆದ ಹಾಗೆ ಬಿದ್ದಿದ್ದವು.

ಭಾವ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನಾನು ಕರಡು ಓದುವಂತೆ ಅವರು ನೆಲ ಓದತೊಡಗಿದರು. "ಇದು ಕನ್ನಡಕದವನು, ವಾರೆ ಹಿಮ್ಮಡಿ. ಇದು ಔಷಧಿ ಅಂಗಡಿಯವಳು, ನಾನೇ ಹೊಲಿದದ್ದು. ಇದು ಆ ದಪ್ಪ ಗುಮಾಸ್ತ. ಇದು ಅವನ ಹೆಂಡತಿ, ಅವನಿಗಿಂತ ಮುಂದೆ ನಡೀತಾಳೆ, ಮನೇಲೂ ಹಾಗೇ." ಒಂದೊಂದನ್ನೂ ಬಿಡಲಿಲ್ಲ. ಅಕ್ಕನ ಅಟ್ಟೆಯ ಗೆರೆ ಮಾತ್ರ ಎಲ್ಲೂ ಇರಲಿಲ್ಲ.

"ಇದ್ಯಾರು?" ಎಂದು ನಾನು ನಕ್ಷತ್ರದ ಗುರುತಿರುವ ಒಂದು ಹೆಜ್ಜೆ ತೋರಿಸಿದೆ.

"ಯಾರೋ ಹೊಸಬಳು. ಕಾರ್ಖಾನೆ ಶೂ." ಬಗ್ಗಿ ಗೇಣು ಹಾಕಿದರು. "ಚಿಕ್ಕ ಕಾಲು, ಆದ್ರೆ ಅಗಲ. ಬಲಗಾಲಲ್ಲಿ ಭಾರ ಪೂರಾ ಹೊರಗಡೆಗೆ ಹಾಕ್ತಾಳೆ. ಹೆಬ್ಬೆರಳ ಬುಡದಲ್ಲಿ ಗಂಟಿರಬೇಕು, ಪಾಪ, ಅದು ತಾಗದ ಹಾಗೆ ನೋಡ್ಕೊಂಡು ನಡೀತಾಳೆ. ಬಹಳ ವರ್ಷ ಬಿಗಿ ಶೂ ಹಾಕ್ಕೊಂಡವಳು."

ಮುಂದೆ ಹೋದಂತೆ ಆ ನಕ್ಷತ್ರದ ಹೆಜ್ಜೆ ಆಗಾಗ ದಾರಿ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಸರಿದಲ್ಲೆಲ್ಲ ಒಂದು ಹೂವಿನ ಬುಡವಿರುತ್ತಿತ್ತು. "ನೋಡು, ಇಲ್ಲಿ ನಿಂತಿದಾಳೆ, ಎರಡೂ ಕಾಲು ಜೋಡಿಸಿ. ಬಗ್ಗಿದಾಳೆ, ಮುಂಗಾಲು ಆಳವಾಗಿ ಇಳಿದಿದೆ. ಅವಸರ ಇಲ್ಲ. ಖುಷಿಯಿಂದ ನಡೆಯೋ ಹೆಂಗಸು." ಇಷ್ಟು ದಿನದಲ್ಲಿ ಅವರ ದನಿ ಮೆತ್ತಗಾದದ್ದು ಅದೇ ಮೊದಲು. "ಇಷ್ಟು ಚೆನ್ನಾಗಿ ನಡೆಯೋಳಿಗೆ ಒಂದು ಒಳ್ಳೆ ಶೂ ಮಾಡ್ಕೊಡೋರು ಯಾರೂ ಇಲ್ವಲ್ಲ. ನನ್ನ ಹತ್ರ ಬಂದಿದ್ರೆ ಒಂದೇ ವಾರದಲ್ಲಿ ಆ ಕಾಲಿಗೆ ಸುಖ ಕೊಡ್ತಿದ್ದೆ."

ಕಡೆಯ ಏರಿಗೆ ಮುಂಚೆ ಒಂದು ಮುರುಕು ಬೆಂಚಿದೆ. ಭಾವ ಅದರ ಮೇಲೆ ಕುಸಿದರು. ಜಲಪಾತದ ಸದ್ದು ಕೇಳಿಸುತ್ತಿತ್ತು.

"ಇನ್ನು ಮುಂದೆ ಹೋಗೋದ್ಯಾಕೆ? ಅವಳು ಬಂದೇ ಇಲ್ಲ. ಅವಳ ಒಂದು ಹೆಜ್ಜೆ ಇಲ್ಲ." ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು, ಬೆವರು ಮಾತ್ರವಾಗಿರಲಿಲ್ಲ. "ವಾಪಸ್ ಹೋಗೋಣ."

ಹೋಗಿಬಿಡುತ್ತಿದ್ದೆವೋ ಏನೋ. ಆದರೆ ಇಷ್ಟು ಹತ್ತಿ ಬಂದು ನೀರು ನೋಡದೆ ಇಳಿಯಲು ನನ್ನ ಮಂಡಿಗಳು ಒಪ್ಪಲಿಲ್ಲ. "ಔಷಧಿ ಅಂಗಡಿಯವಳನ್ನ ಹಿಡಿದು ಕೇಳೋಣ. ಅವಳಿಗೆ ಗೊತ್ತಿರುತ್ತೆ" ಎಂದು ಅವರ ತೋಳು ಹಿಡಿದು ಎಬ್ಬಿಸಿದೆ.

ಜಲಪಾತವೇನು ಅಂಥ ಎತ್ತರದ್ದಲ್ಲ, ಆದರೆ ಸಿಂಚನ ದೂರದವರೆಗೆ ಹಾರುತ್ತದೆ. ಕನ್ನಡಕದವರು ಆಚೆ ಬಂಡೆಯ ಮೇಲೆ ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದರು. ಈಚೆ ಮೂವರು ಹೆಂಗಸರು ಮಳೆಕೋಟಿನ ಟೋಪಿ ಎಳೆದುಕೊಂಡು, ನಮಗೆ ಬೆನ್ನು ಮಾಡಿ, ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಹಿಂದಿನ ಬಂಡೆಯ ಮೇಲೆ ಬಿಚ್ಚಿಟ್ಟ ಶೂಗಳ ಸಾಲು. ಭಾವನ ಕೈ ಸುಮ್ಮನಿರಲಿಲ್ಲ. ಒಂದು ಜೊತೆ ನೀಲಿ ಕ್ಯಾನ್ವಾಸ್ ಶೂ ಎತ್ತಿ ಮಗುಚಿದರು. ತಳದಲ್ಲಿ ನಕ್ಷತ್ರಗಳು. ಬಲಗಾಲಿನ ಹೊರ ಅಂಚು ಸವೆದು ನುಣ್ಣಗಾಗಿತ್ತು.

"ಅವಳೇ" ಎಂದು ನನಗೆ ಪಿಸುಗುಟ್ಟಿದರು. ತಮ್ಮ ದುಃಖದ ನಡುವೆಯೂ ಆ ಅಪರಿಚಿತಳಿಗೆ ಒಂದು ಮಾತು ಹೇಳದೆ ಹೋಗಲು ಮನಸ್ಸಾಗಲಿಲ್ಲವೆಂದು ಕಾಣುತ್ತದೆ. ಬಂಡೆಯಿಂದ ಬಂಡೆಗೆ ಇಳಿದು, ಆ ಹೆಂಗಸಿನ ಪಕ್ಕಕ್ಕೆ ಹೋಗಿ, ರೂಢಿಯಂತೆ ಮೊದಲು ಕಾಲು ನೋಡಿದರು. ತಿಳಿನೀರಿನಲ್ಲಿ ಚಿಕ್ಕ, ಅಗಲವಾದ ಪಾದ. ಹೆಬ್ಬೆರಳ ಬುಡದಲ್ಲಿ ಕೆಂಪಗೆ ಊದಿದ ಗಂಟು. ಒಂದರ ಮೇಲೊಂದು ಹತ್ತಿದ ಬೆರಳುಗಳು. "ಅಮ್ಮಾ, ಈ ಶೂ ನಿಮ್ಮದಾ? ನಿಮ್ಮ ಕಾಲಿಗೆ..." ಎನ್ನುತ್ತಾ ಮೆಲ್ಲಗೆ ಮೇಲಕ್ಕೆ ನೋಡುತ್ತಾ ಹೋದರು.

ಟೋಪಿಯ ಕೆಳಗಿದ್ದದ್ದು ಅಕ್ಕನ ಮುಖ.

ಔಷಧಿ ಅಂಗಡಿಯವಳು "ಅಯ್ಯೋ ದೇವರೇ" ಎಂದು ತನ್ನ ಬುಟ್ಟಿಯ ಮೇಲೆ ಕೈ ಮುಚ್ಚಿದಳು. ಅದರೊಳಗೆ ಭಾವ ಹೊಲಿದ ಕಂದು ಶೂ ಕಾಗದದಲ್ಲಿ ಸುತ್ತಿ ಬೆಚ್ಚಗೆ ಕೂತಿತ್ತು. ಹಾಗಾದರೆ ನೀಲಿ ಶೂ ಇರುತ್ತಿದ್ದದ್ದು ಅವಳ ಅಂಗಡಿಯಲ್ಲಿ, ಬದಲಾಗುತ್ತಿದ್ದದ್ದು ಬಸ್ಸಿನಲ್ಲಿ. ಅಷ್ಟೇ ಗುಟ್ಟು. ಇದಕ್ಕಾಗಿ ನಾವು ಎರಡು ವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದೆವು.

"ಯಾವಾಗಿಂದ?" ಎಂದರು ಭಾವ.

"ಆರು ವರ್ಷ ಆಯ್ತು." ಅಕ್ಕ ಕಾಲನ್ನು ನೀರಿನೊಳಗೆ ಇನ್ನಷ್ಟು ಎಳೆದುಕೊಂಡಳು. "ನಿಮ್ಮ ಶೂನಲ್ಲಿ ಸೇತುವೆ ದಾಟೋದ್ರೊಳಗೆ ಕಣ್ಣಲ್ಲಿ ನೀರು ಬರ್ತಿತ್ತು."

"ಹೇಳಬಾರದಿತ್ತಾ?"

"ಏನಂತ ಹೇಳ್ಲಿ? ಊರಿಗೆಲ್ಲ ಗಾಜಿನ ಕಪಾಟು ತೋರಿಸ್ತೀರಿ. ಮೂವತ್ತೊಂದು ವರ್ಷದಿಂದ ಅದೇ ಕಾಲು ಅಂತೀರಿ. ಅದು ಇಪ್ಪತ್ತೆರಡು ವರ್ಷದ ಹುಡುಗಿ ಕಾಲು ರೀ. ಆಮೇಲೆ ಎರಡು ಮಕ್ಕಳನ್ನ ಹೊತ್ತೆ, ದಿನಾ ಮನೆ ಮೆಟ್ಟಿಲು ಹತ್ತಿ ಇಳಿದೆ." ಟೋಪಿ ಹಿಂದಕ್ಕೆ ಸರಿಸಿದಳು. "ಕಂಡೋರ ಕಾಲನ್ನೆಲ್ಲ ವರ್ಷಕ್ಕೊಂದ್ಸಲ ಅಳೀತೀರಿ. ನನ್ನನ್ನ ಅಳೆದದ್ದು ಒಂದೇ ಸಲ."

ಭಾವ ನೀಲಿ ಶೂ ಕೈಯಲ್ಲಿ ಹಿಡಿದೇ ಬಂಡೆಯ ಮೇಲೆ ಕೂತುಬಿಟ್ಟರು. ಅವರನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ. ಬೇರೊಬ್ಬ ಗಂಡಸು ಕೂತಿದ್ದರೂ ಅಷ್ಟು ಸೋತುಹೋಗುತ್ತಿದ್ದರೋ ಇಲ್ಲವೋ. ನನಗೂ ನಾಚಿಕೆಯಾಯಿತು. ದಿನಾ ಒಂದೇ ಮೆಟ್ಟಿಲಿನಲ್ಲಿ ಅವಳ ಹಿಂದೆ ಹತ್ತುವವಳು ನಾನು, ಅವಳು ಬಲಗಾಲು ಎತ್ತಿ ಇಡುವುದನ್ನು ಒಮ್ಮೆಯಾದರೂ ಕಂಡಿದ್ದೆನೇ?

"ಕೆಳಗಿಂದ ನಿನ್ನ ಹೆಜ್ಜೆ ನೋಡ್ಕೊಂಡೇ ಬಂದೆ" ಎಂದರು ಭಾವ ಕೊನೆಗೆ. "ಎಲ್ಲಿ ನಿಂತೆ, ಎಲ್ಲಿ ಬಗ್ಗಿದೆ, ಎಲ್ಲಾ ಗೊತ್ತಾಯ್ತು. ಯಾರೋ ಅಂದ್ಕೊಂಡೆ."

ಅಕ್ಕ ಅವರನ್ನೇ ನೋಡಿದಳು. ಅವಳಿಗೆ ಅಳು ಬಂದದ್ದು ಆಗ.

ಭಾವ ನೀಲಿ ಶೂವನ್ನು ಇನ್ನೊಮ್ಮೆ ತಿರುಗಿಸಿ, ಒಳಗೆ ಬೆರಳು ತೂರಿಸಿ, ಮೂಸಿ, "ಅಂಟು ಕಳಪೆ" ಎಂದು ಗೊಣಗಿ, ಜೋಪಾನವಾಗಿ ಬಂಡೆಯ ಮೇಲಿಟ್ಟರು. ಆಮೇಲೆ ಕೈ ಚಾಚಿ ಅವಳ ನೋಟುಪುಸ್ತಕ ಕೇಳಿದರು. ಮುನಿದ ಅತ್ತೆ, ನೀಲಿ ಸೊಳ್ಳೆ ಎಲ್ಲ ದಾಟಿ ಕೊನೆಯ ಖಾಲಿ ಹಾಳೆಗೆ ಬಂದು, ಅದನ್ನು ಒಣಗಿದ ಬಂಡೆಯ ಮೇಲೆ ಹಾಸಿ, ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಮಂಡಿಯೂರಿದರು. ತಮ್ಮ ಕರವಸ್ತ್ರದಿಂದ ಅವಳ ಪಾದ ಒರೆಸಿದರು, ಗಂಟಿನ ಹತ್ತಿರ ಮಾತ್ರ ಬಹಳ ಮೆಲ್ಲಗೆ. ಗುಮಾಸ್ತನೂ ಅವನ ಹೆಂಡತಿಯೂ ಚಹಾ ಹಿಡಿದು ನೋಡುತ್ತಾ ನಿಂತಿದ್ದರು. ಭಾವನಿಗೆ ಅದರ ಪರಿವೆಯಿರಲಿಲ್ಲ.

"ನಿಂತ್ಕೋ" ಎಂದರು.

ಅಕ್ಕ ಹಾಳೆಯ ಮೇಲೆ ಬಲಗಾಲಿಟ್ಟು ನಿಂತಳು. ಬಂಡೆ ಓರೆಯಾಗಿತ್ತು, ಅವರ ಹೆಗಲ ಮೇಲೆ ಕೈಯೂರಿದಳು. ಪೆನ್ಸಿಲ್ ಹಿಮ್ಮಡಿಯಿಂದ ಹೊರಟು ಗಂಟಿನ ಹತ್ತಿರ ಬಂದು ನಿಂತಿತು.

"ಭಾರ ಹಾಕು."

"ನೋಯುತ್ತೆ ರೀ."

"ಗೊತ್ತು. ಎಷ್ಟು ಅಂತ ನನಗೆ ತಿಳೀಬೇಕು. ಪೂರ್ತಿ ಹಾಕು."

ಅಕ್ಕ ಪೂರ್ತಿ ಭಾರ ಹಾಕಿದಳು.